ಕಾಫಿಯ ಕೈಯಂತ್ರ ಪಳಗುವ ಬಗೆ

ಹೊಸ ಹೆಂಚಿನ ಮೇಲೆ ಹೊಯ್ದ ಮೊದಲನೆಯ ದೋಸೆ ಸುಲಭವಾಗಿ ಏಳುವುದಿಲ್ಲವೆಂಬುದನ್ನು ಅಡಿಗೆಯ ಮನೆಯಲ್ಲಿ ಒಂದಿಷ್ಟು ಕೈಯಾಡಿಸಿದವರೆಲ್ಲರೂ ಬಲ್ಲರು. ‘ಹೆಂಚು ಇನ್ನೂ ಪಳಗಿಲ್ಲ’ ಎಂದು ಹಿರಿಯರು ಸಮಾಧಾನ ಹೇಳುವರು. ಹೊಸ ಒರಳುಕಲ್ಲನ್ನು ತಂದಾಗ ಮೊದಲು ತೌಡನ್ನು ಹಾಕಿ ರುಬ್ಬಿ ಚೆಲ್ಲಿ, ಕಲ್ಲಿನ ಹರಳು ಬರುವುದು ನಿಂತ ಮೇಲೆಯೇ ದೋಸೆಯ ಹಿಟ್ಟಿಗೆ ಕೈಹಾಕುವುದು ನಮ್ಮ ಮನೆಯಲ್ಲಿ ನಡೆದುಬಂದ ರೂಢಿ. ಹೊಸ ಮೋಟಾರು ಗಾಡಿಯನ್ನು ಕೊಂಡವರು ಮೊದಲ ಕೆಲವು ನೂರು ಮೈಲಿಗಳವರೆಗೆ ಅದನ್ನು ವೇಗವಾಗಿ ಓಡಿಸಲು ಅಂಜುತ್ತಿದ್ದ ಕಾಲವೂ ಒಂದಿತ್ತು. ಕಲ್ಲು ಕಬ್ಬಿಣಗಳಿಗೆ ಅಭ್ಯಾಸವೆಂಬುದು ಉಂಟೆ? ಅವು ಪಳಗುತ್ತವೆ ಎಂದರೆ ಅವುಗಳಲ್ಲಿ ಆಗುವುದಾದರೂ ಏನು?

ಈ ಪ್ರಶ್ನೆ ನಮ್ಮ ಮುಂದೆ ಬಂದು ನಿಂತುದು ಕಾಫಿಬೀಜವನ್ನು ಪುಡಿಮಾಡುವ ಒಂದು ಕೈಯಂತ್ರದ ಮೂಲಕ. ನಮ್ಮ ಸೋದರಳಿಯನೊಬ್ಬ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ನಮ್ಮ ಮನೆಯಲ್ಲಿಯೇ ಇದ್ದು ಕಾಲೇಜಿಗೆ ಹೋಗಿಬರುತ್ತಾನೆ. ಅವನಿಗೆ ಇಟಲಿಯ ಎಸ್ಪ್ರೆಸೊ ಕಾಫಿಯ ಹುಚ್ಚು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣಕ್ಕೆ ನಮ್ಮಿಂದ ಒಂದಿಷ್ಟನ್ನು ಸೇರಿಸಿಕೊಂಡು, ಒಂದು ಸೆಮಿಸ್ಟರಿನ ಪುಸ್ತಕಗಳಿಗೆ ಆಗುವುದಕ್ಕಿಂತಲೂ ಹೆಚ್ಚು ಬೆಲೆ ತೆತ್ತು, ಉಕ್ಕಿನ ಹಲ್ಲುಗಳುಳ್ಳ ಒಂದು ಕೈಯಂತ್ರವನ್ನು ತರಿಸಿದ. ಮೊದಲ ದಿನದ ಕಾಫಿ ಹುಳಿ. ಎರಡನೆಯ ದಿನದ್ದು ಕಹಿ. ಒಂದು ಸಲ ಡಿಕಾಕ್ಷನ್ನು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಸುರಿದುಹೋಯಿತು. ತಿರುಪನ್ನು ಮುಟ್ಟದೆಯೇ ಮತ್ತೆ ಬೀಸಿದರೆ ತೊಟ್ಟು ತೊಟ್ಟಾಗಿ ಇಳಿಯಲು ಒಂದು ನಿಮಿಷ ಹಿಡಿಯಿತು.

ಮಾರಿದವರನ್ನು ಕೇಳಿದುದಕ್ಕೆ, ‘ಯಂತ್ರ ಹೊಸದು, ಎರಡು ಮೂರು ಕಿಲೋ ಬೀಜ ಅರೆದ ಮೇಲೆ ಸರಿಹೋಗುತ್ತದೆ’ ಎಂಬ ಉತ್ತರ ಬಂದಿತು. ಹುಡುಗ ಲೆಕ್ಕಹಾಕಿದ. ಒಂದು ಸಲಕ್ಕೆ 18 ಗ್ರಾಂ ಬೀಜ. ದಿನಕ್ಕೆ ಎರಡು ಸಲ. ಎರಡು ಕಿಲೋ ಮುಗಿಯಲು 55 ದಿನಗಳು ಬೇಕು. ಯಂತ್ರವನ್ನು ಹಿಂದಿರುಗಿಸಲು ಇದ್ದ ಅವಧಿಯಾದರೋ ಹತ್ತೇ ದಿನ! ‘ಮಾವ, ಇವರು ಹೇಳುವುದನ್ನು ನಂಬಿ ಕೂತರೆ ದುಡ್ಡು ಹೋದಂತೆಯೇ. ನಾಳೆಯೇ ಹಿಂದಕ್ಕೆ ಕಳಿಸಿಬಿಡೋಣ’ ಎಂದ. ‘ಅವಸರ ಬೇಡಪ್ಪ, ಹತ್ತು ದಿನ ಇದೆಯಲ್ಲ’ ಎಂದೆವು. ಆದರೆ ಅವನ ಸಂದೇಹ ನ್ಯಾಯವಾದದ್ದೇ ಆಗಿದ್ದಿತು. ಹೊಸತನದಿಂದ ಬಂದ ದೋಷ ತಾನಾಗಿಯೇ ಮಾಯಬಹುದು. ಕಟ್ಟುವಾಗಲೇ ಸೇರಿಕೊಂಡ ದೋಷ ಎಷ್ಟು ಬೀಸಿದರೂ ಮಾಯದು. ಇವೆರಡನ್ನೂ ಹತ್ತು ದಿನಗಳೊಳಗೆ ಬೇರ್ಪಡಿಸಿ ನೋಡುವುದು ಹೇಗೆ?

ಇದಕ್ಕೆ ಮೊದಲು ಎಸ್ಪ್ರೆಸೊ ಎಂಬ ಕಾಫಿ ಇಷ್ಟೊಂದು ಮುನಿಸಿನ ಸ್ವಭಾವದ್ದಾದುದು ಏಕೆಂಬುದನ್ನು ತಿಳಿಯಬೇಕು. ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಪುಡಿಯ ಮೇಲೆ ನಿಂತ ನೀರು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ನಾಲ್ಕಾರು ಅಂಗುಲ ನೀರಿನ ಭಾರವೆಷ್ಟು? ಅದು ಇಳಿಯಲು ಕಾಲು ಗಂಟೆ ತೆಗೆದುಕೊಂಡರೂ ಯಾರೂ ಗೊಣಗರು. ಪುಡಿಯಲ್ಲಿ ತರಿಯೂ ಧೂಳೂ ಬೆರೆತಿದ್ದರೂ ಅಷ್ಟು ದೀರ್ಘಕಾಲದಲ್ಲಿ ಏರುಪೇರುಗಳೆಲ್ಲ ಸರಿತೂಗಿಹೋಗುವುವು. ಎಸ್ಪ್ರೆಸೊವಿನ ರೀತಿಯೇ ಬೇರೆ. ಮಿಲಾನ್ ನಗರದ ಲುಯಿಜಿ ಬೆಜ್ಜೆರಾ ಎಂಬುವನು 1901ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ಹಬೆಯ ಒತ್ತಡದಿಂದ ಬಿಸಿನೀರು ಪುಡಿಯ ಮೂಲಕ ನುಗ್ಗುತ್ತಿತ್ತು. ಆದರೆ ಹಬೆಯ ಒತ್ತಡ ಒಂದೂವರೆ ಎರಡು ವಾಯುಭಾರವನ್ನು ಮೀರುತ್ತಿರಲಿಲ್ಲ; ಅತಿಯಾದ ಕಾವಿನಿಂದ ಕಾಫಿಗೆ ಸೀದ ರುಚಿಯೂ ಬರುತ್ತಿದ್ದಿತು. ಅದೇ ನಗರದ ಅಕಿಲ್ಲೆ ಗಾಜ್ಜಾ ಎಂಬುವನು ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಸನ್ನೆಕೋಲಿನಿಂದಲೂ ಸ್ಪ್ರಿಂಗಿನಿಂದಲೂ ಕೊಂತವನ್ನು ಒತ್ತುವ ಯಂತ್ರವನ್ನು ರೂಢಿಗೆ ತಂದ. ಒತ್ತಡ ಎಂಟು ಹತ್ತು ವಾಯುಭಾರಕ್ಕೆ ಏರಿತು. ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ಮೊದಲ ಬಾರಿಗೆ ಕಾಣಿಸಿಕೊಂಡಿತು. 1961ರಲ್ಲಿ ಫಯೆಮಾ ಕಂಪನಿಯವರ ‘ಇ-61’ ಯಂತ್ರದೊಡನೆ ವಿದ್ಯುತ್ ಪಂಪು ಬಂದು ಕೈಬಲದ ಅಗತ್ಯವೂ ತಪ್ಪಿತು. ಆ ವರ್ಷದ ಫೆಬ್ರುವರಿ 15ರಂದು ಇಟಲಿಯಲ್ಲಿ ಕಾಣಿಸಿದ ಪೂರ್ಣ ಸೂರ್ಯಗ್ರಹಣವೇ ಆ ಹೆಸರಿನಲ್ಲಿ ಅಡಗಿದೆ ಎಂದು ಹೇಳುವರು.

ಇಟಲಿಯ ಸಂಪ್ರದಾಯದ ಅಳತೆ ಹೀಗೆ: 7 ಗ್ರಾಂ ಪುಡಿ, 9 ವಾಯುಭಾರದ ಒತ್ತಡ, 25 ಸೆಕೆಂಡು, 25 ಮಿಲಿಲೀಟರು ಕಾಫಿ. ಇಂದಿನ ಹವ್ಯಾಸಿಗಳು 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿಯನ್ನು ತೆಗೆಯುವರು. ಕಾಲ ಮಾತ್ರ ಬಹುಮಟ್ಟಿಗೆ ಅಷ್ಟೇ. 9 ವಾಯುಭಾರವೆಂದರೆ ಸುಮಾರು 90 ಮೀಟರು ಎತ್ತರದ ನೀರಿನ ಕಂಬದ ಒತ್ತಡ. ಪುಡಿಯನ್ನು ತುಂಬುವ ಬಟ್ಟಲಿನ ಅಡ್ಡಳತೆ 58 ಮಿಲಿಮೀಟರು ಇದ್ದರೆ ಅದರ ಮುಖದ ಮೇಲೆ ಸುಮಾರು 240 ಕಿಲೋಗ್ರಾಂ ಭಾರ ಹೇರಿದಂತೆ ಆಗುವುದು. ಹಿಡಿಯಷ್ಟು ಪುಡಿ ಇಷ್ಟು ಭಾರವನ್ನು ತಡೆದು, ನೀರನ್ನು 25 ಸೆಕೆಂಡುಗಳ ಕಾಲ ಸಮನಾಗಿ ಹಾಯಿಸಬೇಕು. ಎಲ್ಲಿಯಾದರೂ ಒಂದೆಡೆ ಪುಡಿ ಸಡಿಲವಾಗಿದ್ದಿತೋ, ಕೆರೆಯ ಏರಿಯಲ್ಲಿ ಏಡಿಯ ಬಿಲವನ್ನು ಕಂಡುಕೊಂಡ ನೀರಿನಂತೆ ಎಲ್ಲವೂ ಅಲ್ಲಿಯೇ ನುಗ್ಗುವುದು. ಆ ದಾರಿಯ ಪಕ್ಕದ ಕಣಗಳಿಂದ ಬೇಕಾದುದು ಬೇಡವಾದುದು ಎಲ್ಲವೂ ಕರಗಿ ಕಹಿಯಾಗುವುದು; ಉಳಿದ ಕಡೆಯ ಪುಡಿ ಅರೆನೆನೆದು ಹುಳಿಯನ್ನಷ್ಟೇ ಬಿಡುವುದು. ನಮ್ಮ ಹುಡುಗನ ಹುಳಿ ಕಹಿಗಳ ಮೂಲ ಇದೇ.

ಮಣ್ಣಿನ ಗುಣಗಳನ್ನು ಓದುವ ಸಿವಿಲ್ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ಪಾಠ. ಫ್ರಾನ್ಸಿನ ದೀಜೊನ್ ನಗರಕ್ಕೆ ಕುಡಿಯುವ ನೀರನ್ನು ತಂದ ಎಂಜಿನಿಯರ್ ಆನ್ರಿ ದಾರ್ಸಿ ಮರಳಿನ ಕಂಬದೊಳಗೆ ನೀರನ್ನು ಹಾಯಿಸಿ ನೋಡಿ, 1856ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ನೀರು ಹರಿಯುವ ಪ್ರಮಾಣ ಒತ್ತಡ ಹೆಚ್ಚಿದಷ್ಟು ಹೆಚ್ಚುವುದು, ಮರಳಿನ ಆಳ ಹೆಚ್ಚಿದಷ್ಟು ತಗ್ಗುವುದು. ಮರಳಿನ ಕಣದ ಗಾತ್ರಕ್ಕೂ ಹರಿವಿಗೂ ಇರುವ ನಂಟನ್ನು ಕೋಜೆನಿ 1927ರಲ್ಲಿಯೂ ಕಾರ್ಮನ್ 1937ರಲ್ಲಿಯೂ ತೋರಿಸಿಕೊಟ್ಟರು: ಉಳಿದುದೆಲ್ಲ ಸಮನಾಗಿದ್ದರೆ ಹರಿವು ಕಣದ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿರುವುದು. ಈ ‘ವರ್ಗ’ ಎಂಬ ಒಂದು ಮಾತಿನಲ್ಲಿಯೇ ನಮ್ಮ ಕಥೆಯ ಅರ್ಧ ಅಡಗಿದೆ. 150 ಮೈಕ್ರಾನಿನ ಕಣಗಳ ಹಾಸಿನಲ್ಲಿ ಹರಿಯುವ ನೀರಿಗಿಂತ 250 ಮೈಕ್ರಾನಿನ ಕಣಗಳ ಹಾಸಿನಲ್ಲಿ ಹರಿಯುವ ನೀರು ಸುಮಾರು ಎರಡೂಮುಕ್ಕಾಲು ಪಾಲು ಹೆಚ್ಚು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಅಂದರೆ ಕಣದ ಗಾತ್ರ ಒಂದೆರಡು ಕೂದಲಿನಷ್ಟು ಹೆಚ್ಚು ಕಡಮೆಯಾದರೂ ಬಟ್ಟಲಿನ ಕಾಫಿ ಬೇರೆಯದೇ ಆಗುವುದು.

ಕಾಫಿಬೀಜ ಮರಳಿನಂತೆ ಒಂದೇ ಗಾತ್ರಕ್ಕೆ ಒಡೆಯುವುದೂ ಇಲ್ಲ. ಹುರಿದ ಬೀಜ ಗಾಜಿನಂತೆ ಪೆಡಸು. ಅದು ಒಡೆದಾಗ ಬೇಕಾದ ತರಿಯ ಜೊತೆಗೆ ಜೀವಕೋಶಗಳ ಗೋಡೆಯ ಚೂರುಗಳೂ ಉದುರುವುವು. ಒಂದೊಂದು ಜೀವಕೋಶ 30ರಿಂದ 50 ಮೈಕ್ರಾನಿನಷ್ಟು. ಅದರ ಚೂರುಗಳೇ ಧೂಳು. ಎಷ್ಟು ಬೆಲೆಯ ಯಂತ್ರವಾದರೂ ಈ ಧೂಳು ತಪ್ಪಿದ್ದಲ್ಲ. ಅದು ಮಿತವಾಗಿರಬೇಕು, ಪ್ರತಿ ಸಲವೂ ಅಷ್ಟೇ ಆಗಿರಬೇಕು. ಧೂಳು ಹೆಚ್ಚಾದರೆ ತರಿಗಳ ನಡುವಣ ಸಂದುಗಳನ್ನು ಮುಚ್ಚಿ ಹರಿವನ್ನು ಕಟ್ಟಿಬಿಡುವುದು. 2020ರಲ್ಲಿ ‘ಮ್ಯಾಟರ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಇನ್ನೊಂದು ಸ್ವಾರಸ್ಯವನ್ನು ತೋರಿಸಿದೆ. ನುಣ್ಣಗೆ ಬೀಸಿದಷ್ಟೂ ಸಾರ ಹೆಚ್ಚು ಇಳಿಯಬೇಕಲ್ಲವೆ? ಒಂದು ಮಿತಿಯನ್ನು ದಾಟಿದ ಮೇಲೆ ಹಾಗಾಗುವುದಿಲ್ಲ. ಹರಿವು ಅಲ್ಲಲ್ಲಿ ಕಟ್ಟಿಕೊಂಡು ಹಾಸಿನ ಒಂದು ಭಾಗಕ್ಕೆ ನೀರೇ ಮುಟ್ಟದೆ, ಸಾರ ಕಡಮೆಯಾಗುವುದು.

ಇನ್ನು ಯಂತ್ರದ ವಿಷಯ. ಫ್ರಾನ್ಸಿನ ಪ್ಯೂಜೊ ಮನೆತನದವರು ಮೋಟಾರು ಗಾಡಿಗಳನ್ನು ಮಾಡುವುದಕ್ಕೆ ಬಹಳ ಮೊದಲೇ, 1840ರಷ್ಟು ಹಿಂದೆ, ಕಾಫಿ ಬೀಸುವ ಕೈಯಂತ್ರಗಳನ್ನು ಮಾಡಿ ಹೆಸರಾಗಿದ್ದರು. ಇಂದಿನ ಕೈಯಂತ್ರದ ಹೃದಯವೂ ಬಹುಮಟ್ಟಿಗೆ ಅದೇ: ಹಲ್ಲುಗಳುಳ್ಳ ಒಂದು ಉಕ್ಕಿನ ಬಳೆ, ಅದರೊಳಗೆ ತಿರುಗುವ ಹಲ್ಲುಗಳುಳ್ಳ ಒಂದು ಶಂಕು. ಮೇಲ್ಗಡೆಯ ದೊಡ್ಡ ಹಲ್ಲುಗಳು ಬೀಜವನ್ನು ಸೀಳಿ ಕೆಳಕ್ಕೆ ಎಳೆದುಕೊಳ್ಳುವುವು. ಕೆಳಗಡೆಯ ಸಣ್ಣ ಹಲ್ಲುಗಳು ಅದನ್ನು ಅರೆಯುವುವು. ಶಂಕುವಿಗೂ ಬಳೆಗೂ ನಡುವೆ ಕಟ್ಟಕಡೆಯಲ್ಲಿ ಉಳಿಯುವ ಸಂದು ಎಷ್ಟೋ, ಪುಡಿ ಬಹುಮಟ್ಟಿಗೆ ಅಷ್ಟು. ತಿರುಪನ್ನು ಟಿಕ್ಕು ಟಿಕ್ಕೆಂದು ತಿರುಗಿಸಿದರೆ ಶಂಕು ಮೇಲಕ್ಕೂ ಕೆಳಕ್ಕೂ ಸರಿಯುವುದು. ತಿರುಪಿನ ಒಂದು ಸುತ್ತಿಗೆ ಶಂಕು 1 ಮಿಲಿಮೀಟರು ಸರಿಯುವುದೆಂದೂ ಸುತ್ತಿಗೆ 40 ಟಿಕ್ಕುಗಳೆಂದೂ ಇಟ್ಟುಕೊಳ್ಳೋಣ. ಒಂದು ಟಿಕ್ಕಿಗೆ 25 ಮೈಕ್ರಾನ್ ಆಯಿತು. ಶಂಕುವಿನ ಬದಿ ನಡುಕಡ್ಡಿಯೊಡನೆ 30 ಡಿಗ್ರಿ ಓರೆಯಾಗಿದ್ದರೆ ಸಂದು ಅದರ ಅರ್ಧದಷ್ಟು, ಹನ್ನೆರಡೂವರೆ ಮೈಕ್ರಾನ್ ಮಾತ್ರ ಬದಲಾಗುವುದು. ತ್ರಿಕೋನಮಿತಿಯನ್ನು ಓದಿರುವ ವಾಚಕರು ಇದನ್ನು ತಾವೇ ಸಾಧಿಸಿಕೊಳ್ಳಬಲ್ಲರು.

ಇಷ್ಟು ನಾಜೂಕಿನ ಯಂತ್ರದಲ್ಲಿ ನಡುಕಡ್ಡಿ 50 ಮೈಕ್ರಾನಿನಷ್ಟು, ಎಂದರೆ ಒಂದು ಸಣ್ಣ ಕೂದಲಿನಷ್ಟು, ಪಕ್ಕಕ್ಕೆ ಸರಿದಿದ್ದರೆ ಏನಾದೀತು? ಸಂದು 200 ಮೈಕ್ರಾನ್ ಇರಬೇಕಾದ ಕಡೆ ಒಂದು ಪಕ್ಕದಲ್ಲಿ 150 ಇರುವುದು, ಎದುರು ಪಕ್ಕದಲ್ಲಿ 250. ಒಂದೇ ಯಂತ್ರ ಒಂದೇ ಕಾಲದಲ್ಲಿ ಎರಡು ಬಗೆಯ ಪುಡಿಯನ್ನು ಮಾಡುವುದು! ಇದನ್ನೇ ನಾವು ಕಟ್ಟಿನ ದೋಷವೆಂದುದು. ಸವೆಯುವುದರಿಂದ ಇದು ವಾಸಿಯಾಗುವ ಸಂಭವವಿಲ್ಲ.

ಹೊಸತನದ ದೋಷ ಬೇರೆ ಬಗೆಯದು. ಕನ್ನಡಿಯಂತೆ ಹೊಳೆಯುವ ಉಕ್ಕಿನ ಮುಖವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಅಲ್ಲಿ ಪಶ್ಚಿಮ ಘಟ್ಟದ ಬೆಟ್ಟಗಳೂ ಕಣಿವೆಗಳೂ ಕಾಣುವುವು. ಕಡೆಯುವ ಉಳಿಯ ಗೀರುಗಳಿರುವುವು. ಹಲ್ಲಿನ ಅಂಚಿನಲ್ಲಿ ಪೂರ್ತಿ ಕಳಚದೆ ನಿಂತ ಲೋಹದ ಸಿಬರುಗಳಿರುವುವು. ಎರಡು ಲೋಹಗಳು ಮುಖಕ್ಕೆ ಮುಖ ಕೊಟ್ಟು ಕುಳಿತಾಗ ನಿಜವಾಗಿ ಮುಟ್ಟುವುದು ಈ ಬೆಟ್ಟಗಳ ತುದಿಗಳು ಮಾತ್ರ. ಮುಟ್ಟುವ ಜಾಗ ನಮ್ಮ ಕಣ್ಣಿಗೆ ಕಾಣುವ ಜಾಗದ ಅತ್ಯಲ್ಪ ಭಾಗ. ಕೇಂಬ್ರಿಜ್ಜಿನ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗಗಳಿಂದ ತೋರಿಸಿ, 1950ರಲ್ಲಿ ಘರ್ಷಣೆಯನ್ನು ಕುರಿತು ಪ್ರಸಿದ್ಧವಾದ ಗ್ರಂಥವನ್ನು ಹೊರತಂದರು. ಮೂರು ವರ್ಷಗಳ ತರುವಾಯ ಆರ್ಚರ್ಡ್ ಎಂಬುವರು ಸವೆತದ ಲೆಕ್ಕವನ್ನು ಕೊಟ್ಟರು: ಸವೆದ ಲೋಹದ ಪ್ರಮಾಣ ಹೇರಿದ ಭಾರವೂ ಉಜ್ಜಿದ ದೂರವೂ ಹೆಚ್ಚಿದಷ್ಟು ಹೆಚ್ಚು, ಲೋಹದ ಗಡಸುತನ ಹೆಚ್ಚಿದಷ್ಟು ಕಡಮೆ. ಹೊಸ ಮುಖದಲ್ಲಿ ಭಾರವೆಲ್ಲ ಕೆಲವೇ ತುದಿಗಳ ಮೇಲೆ ಬೀಳುವುದರಿಂದ ಅವು ಬೇಗ ಮುರಿಯುವುವು, ಇಲ್ಲವೆ ಚಪ್ಪಟೆಯಾಗುವುವು. ತುದಿಗಳು ತಗ್ಗಿದಂತೆ ಭಾರ ಹಂಚಿಹೋಗಿ ಸವೆತ ನಿಧಾನವಾಗುವುದು. ಆಮೇಲೆ ಬಹುಕಾಲ ಯಂತ್ರ ಬಹುಮಟ್ಟಿಗೆ ಒಂದೇ ಸ್ಥಿತಿಯಲ್ಲಿರುವುದು. ಕಡೆಗೆ ಹಲ್ಲುಗಳೇ ಮೊಂಡಾಗಿ ಮುದಿತನ ಬರುವುದು. ಮೊದಲಿನ ಆ ಚುರುಕಾದ ಸವೆತ ಮುಗಿಯುವವರೆಗಿನ ಕಾಲವೇ ಪಳಗುವ ಕಾಲ. ಹೊಸ ಮೋಟಾರಿನ ಎಂಜಿನ್ನಿಗೂ ಹೊಸ ಒರಳಿಗೂ ಇದೇ ನ್ಯಾಯ.

ಆದರೆ ಕಾಫಿಬೀಜ ಉಕ್ಕನ್ನು ಸವೆಸುವುದು ಸಾಧ್ಯವೆ? ಹದಗೊಳಿಸಿದ ಉಕ್ಕಿನ ಮುಂದೆ ಬೀಜದ ಗಡಸುತನ ಯಾವ ಲೆಕ್ಕಕ್ಕೂ ಇಲ್ಲ. ನಮ್ಮ ಹುಡುಗ ಕೇಳಿದುದೂ ಇದನ್ನೇ. ಉತ್ತರ ಕ್ಷೌರದ ಕತ್ತಿಯಲ್ಲಿದೆ. ಕೂದಲು ಉಕ್ಕಿಗಿಂತ ಸುಮಾರು 50 ಪಾಲು ಮೃದು. ಆದರೂ ಕತ್ತಿಯನ್ನು ಮೊಂಡು ಮಾಡುವುದು ಕೂದಲೇ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿಯೇ ನೋಡಿದರು. ಅಂಚು ಸ್ವಲ್ಪ ಸ್ವಲ್ಪವಾಗಿ ಸವೆದು ದುಂಡಗಾಗುವುದಿಲ್ಲ. ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆಗಳಲ್ಲಿ, ಕೂದಲು ಓರೆಯಾಗಿ ಬಾಗಿ ಒತ್ತಿದಾಗ, ಸಣ್ಣ ಸಣ್ಣ ಚೂರುಗಳು ಅಂಚಿನಿಂದ ಸಿಡಿಯುವುವು. ಕಾಫಿಯ ಯಂತ್ರದ ಹಲ್ಲಿನ ಮೇಲಣ ಸಿಬರೂ ತೆಳುವು. ಬೀಜವಾದರೋ ಕೂದಲಿಗಿಂತ ದಪ್ಪ. ಎರಡು ಕಿಲೋ ಬೀಜವನ್ನು 18 ಗ್ರಾಮಿನಂತೆ ಅರೆಯಲು 111 ಸಲ ಬೀಸಬೇಕು. ಸಲಕ್ಕೆ ನೂರು ಸುತ್ತು, ಶಂಕುವಿನ ಅಡ್ಡಳತೆ 4 ಸೆಂಟಿಮೀಟರು ಎಂದು ಹಿಡಿದರೆ ಹಲ್ಲಿನ ಅಂಚು ಸುಮಾರು 1.4 ಕಿಲೋಮೀಟರು ದೂರ ಬೀಜದ ಮೇಲೆ ನಡೆದಂತಾಯಿತು. ಸಿಬರುಗಳು ಕಳಚಿಕೊಳ್ಳಲು ಅಷ್ಟು ದೂರ ಸಾಲದೆ?

ಸವೆತದ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಅರೇಬಿಕ ಬೀಜದಲ್ಲಿ ಸುಮಾರು ನೂರಕ್ಕೆ 15ರಷ್ಟು, ರೊಬಸ್ಟದಲ್ಲಿ ಸುಮಾರು 10ರಷ್ಟು ಎಣ್ಣೆಯ ಅಂಶವಿದೆ. ಈ ಎಣ್ಣೆ ಹಲ್ಲುಗಳ ಕಣಿವೆಗಳಲ್ಲಿ ಕುಳಿತು ತೆಳುವಾದ ಪೊರೆ ಕಟ್ಟುವುದು. ಜೊತೆಗೆ ಸ್ವಲ್ಪ ಪುಡಿಯೂ ಸಂದುಗೊಂದುಗಳಲ್ಲಿ ನೆಲಸುವುದು. ಮೊದಲ ದಿನಗಳಲ್ಲಿ ಪುಡಿ ಡಬ್ಬಿಯ ಗೋಡೆಗೂ ಹಲ್ಲುಗಳಿಗೂ ಅಂಟಿಕೊಂಡು, 18 ಗ್ರಾಂ ಹಾಕಿದರೆ 17 ಗ್ರಾಂ ಹೊರಬರುವುದುಂಟು. ಬೀಜ ಒಡೆಯುವಾಗಲೂ ಉಜ್ಜುವಾಗಲೂ ಹುಟ್ಟುವ ವಿದ್ಯುದಂಶ ಈ ಅಂಟಿಗೆ ಕಾರಣ. ಆರೆಗನ್ ವಿಶ್ವವಿದ್ಯಾನಿಲಯದ ಕ್ರಿಸ್ಟೊಫರ್ ಹೆಂಡನ್ ಮತ್ತು ಅವರ ಸಂಗಡಿಗರು 2023ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಬೀಸುವ ಮುನ್ನ ಬೀಜಕ್ಕೆ ಒಂದಿಷ್ಟು ನೀರನ್ನು ಚಿಮುಕಿಸಿದರೆ ಈ ವಿದ್ಯುದಂಶ ತಗ್ಗುವುದು, ಕಣಗಳು ಗಂಟುಕಟ್ಟುವುದು ಕಡಮೆಯಾಗುವುದು, ಕಾಫಿಯೂ ಗಟ್ಟಿಯಾಗಿ ಇಳಿಯುವುದು. ಯಂತ್ರ ಪಳಗುವವರೆಗೆ ಕಾಯದೆಯೇ ಮಾಡಬಹುದಾದ ಉಪಾಯವಿದು. ಒಂದೆರಡು ತೊಟ್ಟು ಸಾಕು. ಹೆಚ್ಚಾದರೆ ಉಕ್ಕು ತುಕ್ಕು ಹಿಡಿಯುವುದು.

ಇಷ್ಟನ್ನು ತಿಳಿದುಕೊಂಡ ಮೇಲೆ ನಮ್ಮ ಪರೀಕ್ಷೆಗೆ ತೊಡಗಿದೆವು. ಹುಡುಗನ ಸಹಪಾಠಿಯೊಬ್ಬನ ಬಳಿ ಅದೇ ತಯಾರಿಕೆಯ, ಒಂದು ವರ್ಷ ಬಳಸಿದ ಯಂತ್ರವಿದ್ದಿತು. ಅದನ್ನು ಎರವಲು ತಂದೆವು. ಇದು ನಮ್ಮ ಪ್ರಯೋಗದ ಬೆನ್ನೆಲುಬು. ಏಕೆಂದರೆ ಕಾಫಿಯಲ್ಲಿ ಬದಲಾಗುವುದು ಯಂತ್ರವೊಂದೇ ಅಲ್ಲ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಸೆರೆಯಾಗಿದ್ದು ದಿನಗಳೆದಂತೆ ಹೊರಹೋಗುವುದು. ಹಳೆಯ ಬೀಜದ ಪುಡಿಯಲ್ಲಿ ನೀರು ಬೇಗ ಹರಿಯುವುದು. ಬೀಸುವವನ ಕೈಯೂ, ಪುಡಿಯನ್ನು ಅದುಮುವ ರೀತಿಯೂ ದಿನದಿನಕ್ಕೆ ನುರಿಯುವುವು. ಒಂದು ತಿಂಗಳ ಬಳಿಕ ಕಾಫಿ ಚೆನ್ನಾಯಿತೆಂದರೆ ಪಳಗಿದುದು ಯಂತ್ರವೋ ನಾವೋ? ಒಂದೇ ದಿನ, ಒಂದೇ ಬೀಜವನ್ನು ಹೊಸದರಲ್ಲಿಯೂ ಹಳೆಯದರಲ್ಲಿಯೂ ಬೀಸಿ ಹೋಲಿಸಿದರೆ ಮಾತ್ರ ಈ ತೊಡಕು ಬಿಡುವುದು. ರುಚಿ ನೋಡುವವರಿಗೆ ಯಾವ ಬಟ್ಟಲು ಯಾವ ಯಂತ್ರದ್ದೆಂದು ತಿಳಿಸದಿರುವ ಏರ್ಪಾಟನ್ನೂ ಮಾಡಿದೆವು. ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ನಾಲಗೆಗೆ ಪಕ್ಷಪಾತ ಬಹಳ.

ಮೊದಲ ದಿನವೇ ಒಂದು ವಿಷಯ ಸ್ಪಷ್ಟವಾಯಿತು. ಹಳೆಯ ಯಂತ್ರದ ಐದು ಕಾಫಿಗಳು 26ರಿಂದ 29 ಸೆಕೆಂಡುಗಳೊಳಗೆ ಇಳಿದುವು. ಹೊಸದರ ಐದು ಕಾಫಿಗಳಲ್ಲಿ ಒಂದು 17 ಸೆಕೆಂಡು, ಇನ್ನೊಂದು 44. ಉಳಿದುವು ನಡುವೆ ಎಲ್ಲೆಂದರಲ್ಲಿ. ಸರಾಸರಿಯನ್ನು ನೋಡಿದ್ದರೆ ಎರಡೂ ಬಹುಮಟ್ಟಿಗೆ ಒಂದೇ ಎಂದು ಮೋಸಹೋಗುತ್ತಿದ್ದೆವು. ನೋಡಬೇಕಾದುದು ಚೆದರಿಕೆಯನ್ನು.

ಎರಡನೆಯ ದಿನ ಶಂಕುವನ್ನು ಹೊರತೆಗೆದು, ಬಳೆಯ ಕೆಳಗಣ ಹಲ್ಲುಗಳ ಮೇಲೆ ಬಿಳಿಹಲಗೆಯ ಮೇಲೆ ಬರೆಯುವ ಮಸಿಯ ಲೇಖನಿಯಿಂದ ಸುತ್ತಲೂ ಬಣ್ಣ ಬಳಿದೆವು. ಮತ್ತೆ ಜೋಡಿಸಿ, ಬೀಜವಿಲ್ಲದೆ, ಶಂಕು ಬಳೆಯನ್ನು ಸೋಕುವವರೆಗೆ ತಿರುಪನ್ನು ಬಿಗಿದು, ಹಿಡಿಯನ್ನು ಮೆಲ್ಲನೆ ಒಂದೆರಡು ಸುತ್ತು ತಿರುಗಿಸಿದೆವು. ಬಿಚ್ಚಿ ನೋಡಿದರೆ ಬಣ್ಣ ಅಳಿಸಿದುದು ಒಂದು ಪಕ್ಕದಲ್ಲಿ ಮಾತ್ರ. ಎದುರು ಪಕ್ಕದಲ್ಲಿ ಬಳಿದುದು ಬಳಿದ ಹಾಗೆಯೇ ಇದ್ದಿತು. ಹುಡುಗನ ಮುಖ ಬಾಡಿತು. ‘ನೋಡಿದಿರಾ ಮಾವ, ಇದು ಪಳಗುವ ಯಂತ್ರವಲ್ಲ’ ಎಂದ. ಹಿಂದಿರುಗಿಸಲು ಡಬ್ಬಿಯನ್ನೂ ತೆಗೆದಿಟ್ಟ.

ಕಟ್ಟುವ ಮುನ್ನ ಚೊಕ್ಕಟ ಮಾಡೋಣವೆಂದು ಬಳೆಯನ್ನು ಅದರ ಕೂಡುಗುಣಿಯಿಂದ ಬಿಡಿಸಿದೆವು. ಗುಣಿಯ ತಳದಲ್ಲಿ, ಕಡೆಯುವಾಗ ಉಳಿದ ಉಗುರಿನ ತುಣುಕಿನಂಥ ಒಂದು ಲೋಹದ ಚಕ್ಕೆ ಹೊಳೆಯಿತು. ಬಳೆ ಅದರ ಮೇಲೆ ಕುಳಿತು ಒಂದು ಪಕ್ಕಕ್ಕೆ ಓರೆಯಾಗಿದ್ದಿತು, ಅಷ್ಟೇ! ಚಕ್ಕೆಯನ್ನು ಚಿಮಟದಿಂದ ತೆಗೆದು, ಗುಣಿಯನ್ನು ಬಟ್ಟೆಯಿಂದ ಒರಸಿ, ಬಳೆಯನ್ನು ಮತ್ತೆ ಕೂರಿಸಿ, ಬಣ್ಣದ ಪರೀಕ್ಷೆಯನ್ನು ಪುನಃ ಮಾಡಿದೆವು. ಈ ಬಾರಿ ಬಣ್ಣ ಸುತ್ತಲೂ ಅಳಿಸಿದ್ದಿತು. ಮರುದಿನದ ಐದು ಕಾಫಿಗಳು 22ರಿಂದ 33 ಸೆಕೆಂಡುಗಳಲ್ಲಿ ಇಳಿದುವು. ಹಳೆಯ ಯಂತ್ರದಷ್ಟು ಬಿಗಿಯಲ್ಲ. ಆದರೆ ಮೊದಲಿನ ಹುಚ್ಚಾಟವೂ ಇಲ್ಲ. ‘ಪಳಗಿದರೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಿ ಕುಳಿತಿದ್ದರೆ ಆ ಚಕ್ಕೆ ಅಲ್ಲಿಯೇ ಇರುತ್ತಿದ್ದಿತು. ಅವಸರದಿಂದ ಹಿಂದಿರುಗಿಸಿದ್ದರೆ ಒಳ್ಳೆಯ ಯಂತ್ರವೊಂದು ಕೈತಪ್ಪುತ್ತಿದ್ದಿತು. ಯಂತ್ರವನ್ನು ಇಟ್ಟುಕೊಂಡೆವು.

ಉಳಿದ ಚೆದರಿಕೆ ಹೊಸತನದ್ದೇ ಎಂದು ಹೇಗೆ ಬಲ್ಲೆವು? ಹುಡುಗ ತನ್ನ ಕಾಲೇಜಿನ ಮಣ್ಣಿನ ಪ್ರಯೋಗಾಲಯದಿಂದ, ಮೇಷ್ಟರ ಅನುಮತಿಯೊಡನೆ, ಹಳೆಯದೊಂದು ಜರಡಿಯ ಜೋಡಿಯನ್ನು ತಂದ. 150 ಮೈಕ್ರಾನಿನ ಜರಡಿಯಲ್ಲಿ ವಾರಕ್ಕೊಮ್ಮೆ ಎರಡು ಯಂತ್ರಗಳ ಪುಡಿಯನ್ನೂ ಜಾಲಿಸಿ, ಕೆಳಗೆ ಬಿದ್ದ ಧೂಳನ್ನು ತೂಗಿದೆವು. ಕಾಫಿಯ ಪುಡಿ ಮಣ್ಣಿನಂತಲ್ಲ; ಎಣ್ಣೆಯಿಂದಾಗಿ ಜರಡಿಯ ಕಣ್ಣು ಮುಚ್ಚುವುದು, ಕುಂಚದಿಂದ ತಟ್ಟುತ್ತಲೇ ಇರಬೇಕು. ಮೊದಲ ವಾರ ಹೊಸ ಯಂತ್ರದ ಧೂಳು ಹಳೆಯದಕ್ಕಿಂತ ಎದ್ದುಕಾಣುವಷ್ಟು ಹೆಚ್ಚು. ಒಂದು ಕಿಲೋ ಅರೆದ ಹೊತ್ತಿಗೆ ಅಂತರ ಅರ್ಧಕ್ಕೆ ಇಳಿದಿದ್ದಿತು. ಎರಡೂವರೆ ಕಿಲೋ ಆದ ಮೇಲೆ ನಮ್ಮ ತಕ್ಕಡಿಗೆ ಅಂತರ ಸಿಕ್ಕಲಿಲ್ಲ. ಧೂಳು ಕಡಮೆಯಾದುದರಿಂದ ನೀರು ಸುಗಮವಾಗಿ ಹರಿದು ಕಾಫಿ ಬೇಗ ಇಳಿಯಲಾರಂಭಿಸಿತು. ಹಳೆಯ ಕಾಲಮಿತಿಗೆ ತರಲು ತಿರುಪನ್ನು ಎರಡು ಟಿಕ್ಕು ಬಿಗಿಯಬೇಕಾಯಿತು. ಕಾಫಿ ಅದೇ 27 ಸೆಕೆಂಡು; ಆದರೆ ತರಿ ಸಣ್ಣದು, ಧೂಳು ಕಡಮೆ. ಕಣ್ಣುಮುಚ್ಚಿದ ರುಚಿಯ ಪರೀಕ್ಷೆಯಲ್ಲಿ ಮೊದಲು ಪ್ರತಿ ಸಲವೂ ಹಳೆಯ ಯಂತ್ರದ ಬಟ್ಟಲನ್ನೇ ಮೆಚ್ಚುತ್ತಿದ್ದ ನಮ್ಮ ಮನೆಯವರು ಕಡೆಕಡೆಗೆ ಒಮ್ಮೆ ಇದನ್ನು ಒಮ್ಮೆ ಅದನ್ನು ಹೇಳತೊಡಗಿದರು.

ನಡುವೆ ಒಂದು ಪ್ರಮಾದವನ್ನೂ ಮಾಡಿದೆವು. ಬೆಲೆಬಾಳುವ ಕಾಫಿಯನ್ನು ಹಾಳುಮಾಡುವುದೇಕೆ, ಅಕ್ಕಿಯನ್ನು ಬೀಸಿದರೆ ಯಂತ್ರ ಬೇಗ ಪಳಗುವುದೆಂದು ಯಾರೋ ಹೇಳಿದುದನ್ನು ಕೇಳಿ, ಒಂದು ಹಿಡಿ ಸೋನಾಮಸೂರಿಯನ್ನು ಹಾಕಿದೆವು. ಅಕ್ಕಿ ಹುರಿದ ಬೀಜದಂತೆ ಸಿಡಿದು ಒಡೆಯುವ ವಸ್ತುವಲ್ಲ. ಹಿಡಿ ನಾಲ್ಕು ಸುತ್ತು ತಿರುಗಿ ಕಚ್ಚಿಕೊಂಡಿತು. ಬಲವಂತದಿಂದ ತಿರುಗಿಸಿದ್ದರೆ ನಡುಕಡ್ಡಿಯೇ ಬಾಗುತ್ತಿದ್ದಿತೇನೋ. ಬಿಚ್ಚಿ ಕುಂಚದಿಂದ ಎಷ್ಟು ಗುಡಿಸಿದರೂ ಹಲ್ಲುಗಳ ಬುಡದಲ್ಲಿ ಹಿಟ್ಟು ಉಳಿಯಿತು. ಮರುದಿನ ಬಿಸಿನೀರು ಹಾಯ್ದಾಗ ಆ ಹಿಟ್ಟು ಬೆಂದು ಗಂಜಿಯಾಗಿ ಜರಡಿಯ ತೂತುಗಳನ್ನು ಮುಚ್ಚಿತು. ಇಂಥ ಪ್ರಯೋಗವನ್ನು ವಾಚಕರು ಮಾಡದಿರುವುದೇ ಲೇಸು. ಭತ್ತವನ್ನಂತೂ ಹಾಕಲೇಬಾರದು; ಅದರ ಹೊಟ್ಟಿನಲ್ಲಿ ಸಿಲಿಕ ಹೇರಳವಾಗಿದ್ದು, ಸಿಬರಿನೊಡನೆ ಹಲ್ಲನ್ನೂ ಉಜ್ಜಿಹಾಕುವುದು. ಹಿಡಿಯ ಬದಲು ವಿದ್ಯುತ್ ಬೈರಿಗೆಯನ್ನು ಕಟ್ಟಿ ಭರದಿಂದ ತಿರುಗಿಸುವವರೂ ಉಂಟು. ಕೈಯ ವೇಗಕ್ಕೆಂದು ಮಾಡಿದ ಬೇರಿಂಗಿಗೆ ಆ ವೇಗವೂ ಕಾವೂ ಹಿತವಲ್ಲ.

ಪಳಗಿಸಲು ಕಾಫಿಬೀಜವೇ ಸರಿ. ದುಬಾರಿಯಾದುದು ಬೇಕಿಲ್ಲ, ಅಂಗಡಿಯಲ್ಲಿ ಉಳಿದು ಹಳಸಿದ, ನಡುಹದಕ್ಕೆ ಹುರಿದ ಬೀಜ ಸಾಕು. ಕಪ್ಪಗೆ ಹುರಿದು ಎಣ್ಣೆ ಹೊರಬಂದ ಬೀಜ ಜಿಗಿಯಾಗಿ ಮೆತ್ತಿಕೊಳ್ಳುವುದು. ಮೊದಲು ಸಂದನ್ನು ಅಗಲವಾಗಿಟ್ಟು ಬೀಸಿ, ಕ್ರಮವಾಗಿ ಬಿಗಿಯುತ್ತ ಬರಬೇಕು. ಮೊದಲ ನೂರು ಗ್ರಾಮಿನ ಪುಡಿಯಲ್ಲಿ ಯಂತ್ರದ ಎಣ್ಣೆಯೂ ಲೋಹದ ಸಿಬರೂ ಇರುವ ಸಂಭವವಿದೆ. ಅದನ್ನು ಕುಡಿಯದೆ ಚೆಲ್ಲಬೇಕು. ಆಮೇಲಿನದನ್ನು ಚೆಲ್ಲುವ ಅಗತ್ಯವಿಲ್ಲ. ಎಸ್ಪ್ರೆಸೊವಿಗೆ ಒಗ್ಗದ ಏರುಪೇರಿನ ಪುಡಿ ನಮ್ಮ ಫಿಲ್ಟರಿಗೆ ಚೆನ್ನಾಗಿಯೇ ಒಗ್ಗುವುದೆಂಬುದನ್ನು ಮೇಲೆಯೇ ಹೇಳಿದೆವು. ಐದಾರು ಕಿಲೋ ಹಣ್ಣಿನಿಂದ ಒಂದು ಕಿಲೋ ಹಸಿಬೀಜ ಬರುವುದು; ಹುರಿದಾಗ ಅದರಲ್ಲಿಯೂ ಆರನೆಯ ಒಂದು ಪಾಲಿನಷ್ಟು ತೂಕ ಹೋಗುವುದು. ಚಿಕ್ಕಮಗಳೂರು ಕೊಡಗುಗಳ ತೋಟಗಳಲ್ಲಿ ಆ ಹಣ್ಣುಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸಿರುವರು. ಭಾರತದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಹಲವು ವರ್ಷಗಳಿಂದ ಅದನ್ನು ಹೆಚ್ಚಾಗಿ ಕೊಳ್ಳುತ್ತಿರುವ ದೇಶ ಇಟಲಿ. ಅಲ್ಲಿಯ ಎಸ್ಪ್ರೆಸೊವಿನ ನೊರೆಗೆ ನಮ್ಮ ರೊಬಸ್ಟವೂ ಒಂದು ಕಾರಣ.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಯಂತ್ರದಲ್ಲಿ ಸುಮಾರು ನಾಲ್ಕು ಕಿಲೋ ಬೀಜ ಅರೆದಾಗಿದೆ. ಕಳೆದ ಒಂದೂವರೆ ಕಿಲೋವಿನಿಂದ ಈಚೆಗೆ, ಬೀಜದ ಚೀಲ ಬದಲಾದಾಗ ಹೊರತು, ತಿರುಪನ್ನು ಮುಟ್ಟುವ ಪ್ರಮೇಯ ಬಂದಿಲ್ಲ. ಗುಣಿಯಲ್ಲಿ ದೊರೆತ ಲೋಹದ ಚಕ್ಕೆಯನ್ನು ಹುಡುಗ ಬೆಂಕಿಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದಾನೆ. ಜರಡಿಗಳನ್ನು ಸೋಪಿನ ನೀರಿನಿಂದ ಎರಡು ಸಲ ತೊಳೆದು ಕಾಲೇಜಿಗೆ ಹಿಂದಿರುಗಿಸಿದನಾದರೂ, ಮಣ್ಣಿನ ಪ್ರಯೋಗಾಲಯದಲ್ಲಿ ಇನ್ನೂ ಕಾಫಿಯ ವಾಸನೆ ಬರುತ್ತಿದೆಯೆಂದು ಮೇಷ್ಟರು ಆಕ್ಷೇಪಿಸಿದರಂತೆ.